ತಲೆಗೆ ಕಟ್ಟಿದ ಬೆಲೆ: ಮಿಸೂರಿ ಸಂಸ್ಥಾನದ ಒಂದು ಬಹುಮಾನದ ಚರಿತ್ರೆ

ದಂಡನೀತಿಯನ್ನು ವಿವರಿಸಿದ ಪ್ರಾಚೀನರು ಕಳ್ಳನನ್ನು ಹಿಡಿಯುವುದು ಅರಸನ ಧರ್ಮವೆಂದು ಹೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಜೆಯ ಕಳವಾದ ಸೊತ್ತನ್ನು ಹುಡುಕಿಸಿ ಒಡೆಯನಿಗೆ ಒಪ್ಪಿಸಬೇಕೆಂದೂ, ಅದು ಸಾಧ್ಯವಾಗದಿದ್ದಲ್ಲಿ ತನ್ನ ಬೊಕ್ಕಸದಿಂದ ತುಂಬಿಕೊಡಬೇಕೆಂದೂ ವಿಧಿಸಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣುವ ಈ ವಿಧಿಯ ತಾತ್ಪರ್ಯವು ಸರಳವಾದುದು: ರಕ್ಷಣೆಯ ಹೊಣೆ ಅರಸನದು, ಅದು ತಪ್ಪಿದರೆ ಬೀಳುವ ಸಾಲವೂ ಅರಸನದೇ. ಆದರೆ ಹಿಡಿಯಲಾರದ ಕಳ್ಳನ ತಲೆಗೆ ಬೆಲೆ ಕಟ್ಟಿ, ತನ್ನ ಹೊಣೆಯನ್ನು ಸಂತೆಯ ಸರಕಿನಂತೆ ಬೀದಿಗಿಟ್ಟ ರಾಜ್ಯಗಳೂ ಲೋಕದಲ್ಲಿ ಉಂಟು. ಹಾಗೆ ಮಾಡಿದಾಗ ರಾಜ್ಯಕ್ಕೆ ದೊರೆಯುವುದೇನು, ರಾಜ್ಯವು ಕಳೆದುಕೊಳ್ಳುವುದೇನು ಎಂಬ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿಸೂರಿಯಲ್ಲಿ ೧೮೮೧-೮೨ರಲ್ಲಿ ನಡೆದ ಸಂಗತಿಯು ವಿಶದವಾದ ಉತ್ತರವನ್ನು ಕೊಡುತ್ತದೆ.

ಬಹುಮಾನದ ಆಸೆಗೆ ಅಪರಾಧಿಗಳನ್ನು ಬೆನ್ನಟ್ಟುವ ಅಮೆರಿಕದ ಪಶ್ಚಿಮಸೀಮೆಯ ಬೇಟೆಗಾರನು ಇಂದು ಲೋಕಕ್ಕೆಲ್ಲ ಪರಿಚಿತನಾಗಿರುವುದು ಚಲಚ್ಚಿತ್ರಗಳ ಮೂಲಕ. ಇಟಲಿಯ ನಿರ್ದೇಶಕನಾದ ಸೆರ್ಜಿಯೊ ಲಿಯೊನೆಯು ೧೯೬೫ರಲ್ಲಿ ತೆರೆಗೆ ತಂದ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಎಂಬ ಚಿತ್ರದಲ್ಲಿ ಇಂತಹ ಬೇಟೆಗಾರರಿಬ್ಬರು ಒಬ್ಬ ದರೋಡೆಗಾರನ ಬೆನ್ನು ಹತ್ತುತ್ತಾರೆ. ಕಿರಿಯನಿಗೆ ಬೇಕಾದುದು ಹಣ. ಹಿರಿಯನಾದ ಕರ್ನಲನ ಎದೆಯಲ್ಲಿರುವುದು ತಂಗಿಯ ಸಾವಿನ ಸೇಡು. ಕಡೆಯಲ್ಲಿ ಸೇಡು ತೀರಿದ ಮೇಲೆ ಕರ್ನಲನು ತನ್ನ ಪಾಲಿನ ಬಹುಮಾನವನ್ನೆಲ್ಲ ಜೊತೆಗಾರನಿಗೆ ಬಿಟ್ಟು ಕುದುರೆಯನ್ನೇರಿ ಹೊರಟುಹೋಗುತ್ತಾನೆ. ಹಣ ಒಬ್ಬನಿಗೆ, ಸೇಡು ಇನ್ನೊಬ್ಬನಿಗೆ ಎಂದು ಕಥೆಯು ಎರಡನ್ನೂ ಬೇರೆಬೇರೆಯಾಗಿ ಹಂಚಿಕೊಡುತ್ತದೆ. ಚರಿತ್ರೆಯಲ್ಲಿ ಆ ಹಂಚಿಕೆ ಅಷ್ಟು ಸುಲಭವಾಗಿ ನಡೆಯಲಿಲ್ಲ. ಅಲ್ಲಿ ಸೇಡು ಹಣದ ವೇಷವನ್ನೂ, ಹಣವು ನ್ಯಾಯದ ವೇಷವನ್ನೂ ಹಾಕಿಕೊಂಡು ಬಂದುವು.

ಬಹುಮಾನವಿಟ್ಟು ಅಪರಾಧಿಯನ್ನು ಹಿಡಿಸುವ ಪದ್ಧತಿಯು ಅಮೆರಿಕದಲ್ಲಿಯೇ ಹುಟ್ಟಿದುದಲ್ಲ. ಇಂಗ್ಲೆಂಡಿನಲ್ಲಿ ೧೬೯೨ರಲ್ಲಿ ಆದ ಒಂದು ಶಾಸನವು, ಹೆದ್ದಾರಿಯ ದರೋಡೆಗಾರನೊಬ್ಬನನ್ನು ಹಿಡಿದುಕೊಟ್ಟು ಅವನಿಗೆ ಶಿಕ್ಷೆಯಾಗುವಂತೆ ಮಾಡಿದವರಿಗೆ ೪೦ ಪೌಂಡುಗಳ ಬಹುಮಾನವನ್ನು ಗೊತ್ತುಮಾಡಿತು. ಕ್ರಮವಾದ ಪೊಲೀಸು ಪಡೆಯಿಲ್ಲದ ಆ ಕಾಲದಲ್ಲಿ ಇದು ಜಾಣತನದ ಉಪಾಯವೆಂದೇ ತೋರಿರಬೇಕು. ಫಲವು ಬೇರೆಯಾಯಿತು. ಕಳ್ಳರನ್ನು ಹಿಡಿಯುವುದನ್ನೇ ಕಸುಬು ಮಾಡಿಕೊಂಡವರು ಹುಟ್ಟಿಕೊಂಡರು. ಅವರಲ್ಲಿ ಪ್ರಖ್ಯಾತನಾದ ಜೊನಾಥನ್ ವೈಲ್ಡನು ಒಂದು ಕೈಯಿಂದ ಕಳ್ಳರ ಕೂಟವನ್ನು ಸಾಕುತ್ತ, ಇನ್ನೊಂದು ಕೈಯಿಂದ ತನಗೆ ಬೇಡವಾದ ಕಳ್ಳರನ್ನು ನ್ಯಾಯಸ್ಥಾನಕ್ಕೊಪ್ಪಿಸಿ ಬಹುಮಾನ ಪಡೆಯುತ್ತ ಲಂಡನ್ನಿನಲ್ಲಿ ದೊಡ್ಡ ಮನುಷ್ಯನೆನಿಸಿಕೊಂಡಿದ್ದನು. ೧೭೨೫ರಲ್ಲಿ ಅವನನ್ನೇ ಗಲ್ಲಿಗೇರಿಸಬೇಕಾಯಿತು. ಈ ಪಾಠವು ಪುಸ್ತಕಗಳಲ್ಲಿ ಉಳಿಯಿತು. ಪದ್ಧತಿಯು ಸಮುದ್ರವನ್ನು ದಾಟಿ ಹೊಸ ಖಂಡಕ್ಕೆ ಹೋಯಿತು. ಅಲ್ಲಿ ಜಿಲ್ಲೆಯ ಷರೀಫನ ಅಧಿಕಾರವು ಜಿಲ್ಲೆಯ ಎಲ್ಲೆಯಲ್ಲಿ ನಿಲ್ಲುತ್ತಿತ್ತು. ದರೋಡೆಗಾರನ ಕುದುರೆಗೆ ಅಂತಹ ಎಲ್ಲೆಯಿರಲಿಲ್ಲ. ಆದುದರಿಂದ ಬಹುಮಾನದ ಭಿತ್ತಿಪತ್ರವು ಆ ಸೀಮೆಯಲ್ಲಿ ಸರಕಾರದ ಉದ್ದನೆಯ ಕೈಯಾಯಿತು.

ಮಿಸೂರಿಯ ಕಥೆಯನ್ನು ಅರಿಯಬೇಕಾದರೆ ಅಲ್ಲಿನ ಅಂತರ್ಯುದ್ಧದಿಂದ ಆರಂಭಿಸಬೇಕು. ೧೮೬೧ರಿಂದ ೧೮೬೫ರವರೆಗೆ ನಡೆದ ಆ ಯುದ್ಧದಲ್ಲಿ ಮಿಸೂರಿಯು ಉತ್ತರದ ಒಕ್ಕೂಟವನ್ನು ಬಿಟ್ಟು ಹೋಗದಿದ್ದರೂ ಜನರ ಮನಸ್ಸು ಇಬ್ಭಾಗವಾಗಿತ್ತು. ಕ್ಲೇ ಜಿಲ್ಲೆಯಲ್ಲಿ ಗುಲಾಮರ ದುಡಿಮೆಯಿಂದ ಬೇಸಾಯ ನಡೆಸುತ್ತಿದ್ದ ಕುಟುಂಬಗಳಲ್ಲಿ ಜೇಮ್ಸ್ ಮನೆತನವೂ ಒಂದು. ಆ ಮನೆಯ ಯಜಮಾನನಾದ ರಾಬರ್ಟ್ ಜೇಮ್ಸನು ಬ್ಯಾಪ್ಟಿಸ್ಟ್ ಪಂಥದ ಉಪದೇಶಕ. ಲಿಬರ್ಟಿ ಪಟ್ಟಣದ ವಿಲಿಯಂ ಜುವೆಲ್ ಕಾಲೇಜಿನ ಸ್ಥಾಪಕರಲ್ಲೊಬ್ಬ. ಅವನು ೧೮೫೦ರಲ್ಲಿ ಚಿನ್ನದ ಸುದ್ದಿಯನ್ನು ಕೇಳಿ ಹೊರಟವರೊಡನೆ ಕ್ಯಾಲಿಫೋರ್ನಿಯಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡನು. ಹಿರಿಯ ಮಗ ಫ್ರ್ಯಾಂಕ್ ೧೮೪೩ರಲ್ಲಿಯೂ ಕಿರಿಯ ಮಗ ಜೆಸ್ಸಿ ೧೮೪೭ರಲ್ಲಿಯೂ ಹುಟ್ಟಿದವರು. ತಾಯಿ ಜೆರೆಲ್ಡಾ ಎತ್ತರದ ಆಳು, ಗಟ್ಟಿ ಮನಸ್ಸಿನವಳು. ಮುಂದೆ ವೈದ್ಯನಾದ ರೂಬೆನ್ ಸ್ಯಾಮ್ಯುಯಲನನ್ನು ವಿವಾಹವಾದಳು.

ಫ್ರ್ಯಾಂಕನು ಕ್ವಾಂಟ್ರಿಲನೆಂಬ ದಕ್ಷಿಣಪಕ್ಷದ ಗುಂಪುದಾಳಿಕಾರನನ್ನು ಸೇರಿದನು. ೧೮೬೩ರ ಮೇ ತಿಂಗಳಲ್ಲಿ ಉತ್ತರಪಕ್ಷದ ಸ್ಥಳೀಯ ಸೈನಿಕರು ಅವನನ್ನು ಹುಡುಕುತ್ತ ಮನೆಗೆ ಬಂದು, ಅವನಿರುವ ಸ್ಥಳವನ್ನು ಹೇಳಿಸುವ ಸಲುವಾಗಿ ಮಲತಂದೆಯ ಕೊರಳಿಗೆ ಹಗ್ಗ ಬಿಗಿದು ಮರಕ್ಕೆ ಎಳೆದು ಇಳಿಸಿ ಹಿಂಸಿಸಿದರು. ಹದಿನೈದು ವರ್ಷದ ಜೆಸ್ಸಿಗೂ ಏಟುಗಳು ಬಿದ್ದುವೆಂದು ಆ ಮನೆಯವರು ಮುಂದೆ ಹೇಳುತ್ತಿದ್ದರು. ಈ ಒಂದು ಸಂಗತಿಯೇ ಜೆಸ್ಸಿಯ ಪಕ್ಷದವರು ಅವನ ಎಲ್ಲ ಕೃತ್ಯಗಳಿಗೂ ಕೊಡುತ್ತ ಬಂದ ಸಮಾಧಾನವಾಯಿತು. ಆದರೆ ಅದೇ ವರ್ಷದ ಆಗಸ್ಟ್ ೨೧ರಂದು ಕ್ವಾಂಟ್ರಿಲನ ಗುಂಪು, ಫ್ರ್ಯಾಂಕನೂ ಸೇರಿ, ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ಸುಮಾರು ೧೫೦ ಮಂದಿ ಗಂಡಸರನ್ನೂ ಹುಡುಗರನ್ನೂ ಕೊಂದಿತು. ಮರುವರ್ಷ ಜೆಸ್ಸಿಯೂ ಶಸ್ತ್ರ ಹಿಡಿದು, ‘ರಕ್ತದ ಬಿಲ್’ ಎಂಬ ಹೆಸರನ್ನು ಪಡೆದಿದ್ದ ಆಂಡರ್ಸನನ ಕೈಕೆಳಗೆ ಸೇರಿದನು. ಆ ಗುಂಪು ೧೮೬೪ರ ಸೆಪ್ಟೆಂಬರಿನಲ್ಲಿ ಸೆಂಟ್ರೇಲಿಯ ಎಂಬಲ್ಲಿ ರೈಲನ್ನು ನಿಲ್ಲಿಸಿ, ಶಸ್ತ್ರವಿಲ್ಲದ ಇಪ್ಪತ್ತಕ್ಕೂ ಹೆಚ್ಚು ಸೈನಿಕರನ್ನು ಕೆಳಗಿಳಿಸಿ ಗುಂಡಿಕ್ಕಿತು. ಒಂದು ತಿಂಗಳೊಳಗೆ ಸ್ಯಾಮ್ಯುಯಲ್ ಕಾಕ್ಸನ ನಾಯಕತ್ವದ ಪಡೆಯು ಆಂಡರ್ಸನನನ್ನು ಕೊಂದಿತು. ಏಟು ಬಿದ್ದ ಮನೆ ಒಂದಾದರೆ ಏಟು ಹಾಕಿದ ಕೈಗಳೂ ಆ ಮನೆಯವೇ ಆಗಿದ್ದುವು. ಸೇಡಿನ ಲೆಕ್ಕದಲ್ಲಿ ಮೊದಲನೆಯ ಸಾಲು ಯಾರದೆಂದು ಹುಡುಕಹೊರಟವನಿಗೆ ಪುಸ್ತಕದ ಕೊನೆಯೇ ಕಾಣುವುದಿಲ್ಲ.

ಯುದ್ಧವು ಮುಗಿದರೂ ಈ ಲೆಕ್ಕವು ಮುಗಿಯಲಿಲ್ಲ. ೧೮೬೯ರ ಡಿಸೆಂಬರ್ ೭ರಂದು ಮಿಸೂರಿಯ ಗ್ಯಾಲಟಿನ್ ಪಟ್ಟಣದ ಬ್ಯಾಂಕಿಗೆ ಇಬ್ಬರು ಬಂದು, ಅಲ್ಲಿನ ಕ್ಯಾಷಿಯರನಾದ ಜಾನ್ ಷೀಟ್ಸನನ್ನು ಗುಂಡಿಕ್ಕಿ ಕೊಂದರು. ಆಂಡರ್ಸನನನ್ನು ಕೊಂದ ಕಾಕ್ಸನು ಇವನೇ ಎಂದು ತಪ್ಪು ತಿಳಿದು ಜೆಸ್ಸಿಯು ಸೇಡು ತೀರಿಸಿಕೊಂಡನೆಂದು ಚರಿತ್ರಕಾರರು ನಿರ್ಣಯಿಸಿದ್ದಾರೆ. ಕೊಂದ ಕೈಯೇ ಹಣವನ್ನೂ ದೋಚಿತು. ಅಲ್ಲಿ ಬಿಟ್ಟುಹೋದ ಕುದುರೆಯಿಂದ ಜೆಸ್ಸಿಯ ಗುರುತು ಹತ್ತಿತು. ಸಂಸ್ಥಾನದ ಗವರ್ನರನು ಬಹುಮಾನವನ್ನು ಸಾರಿದನು. ಜೆಸ್ಸಿಯ ಹೆಸರು ಮೊದಲ ಸಲ ಪತ್ರಿಕೆಗಳಲ್ಲಿ ಮೆರೆದುದು ಹೀಗೆ.

ಆ ಹೆಸರಿಗೆ ಹೊಳಪು ಕೊಟ್ಟವನು ಕ್ಯಾನ್ಸಸ್ ಸಿಟಿ ಟೈಮ್ಸ್ ಪತ್ರಿಕೆಯ ಜಾನ್ ನ್ಯೂಮನ್ ಎಡ್ವರ್ಡ್ಸ್. ಹಿಂದೆ ದಕ್ಷಿಣಪಕ್ಷದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಈತನು ಜೆಸ್ಸಿಯ ಹೆಸರಿನಲ್ಲಿ ಬಂದ ಪತ್ರಗಳನ್ನು ಅಚ್ಚುಮಾಡಿದನು. ದರೋಡೆಗಾರರನ್ನು ಹಳೆಯ ಕಾವ್ಯಗಳ ವೀರಯೋಧರಿಗೆ ಹೋಲಿಸಿ ಬರೆದನು. ಸೋತ ಪಕ್ಷದವರಿಗೆ ಬ್ಯಾಂಕುಗಳೂ ರೈಲು ಕಂಪನಿಗಳೂ ಗೆದ್ದವರ ಆಳ್ವಿಕೆಯ ಚಿಹ್ನೆಗಳಂತೆ ಕಾಣುತ್ತಿದ್ದುದರಿಂದ ಆ ಬರೆಹವು ಮನಸ್ಸಿಗೆ ನಾಟಿತು. ಬಡವರಿಗೆ ಹಂಚಿದನೆಂಬ ಕಥೆಯೂ ಹಬ್ಬಿತು. ಲೂಟಿಯ ಹಣವನ್ನು ಗುಂಪಿನ ಹೊರಗೆ ಹಂಚಿದುದಕ್ಕೆ ಆಧಾರವು ದೊರೆತಿಲ್ಲ.

೧೮೭೩ರಿಂದ ಈ ಗುಂಪು ರೈಲುಗಳನ್ನೂ ತಡೆದು ದೋಚತೊಡಗಿತು. ಆಗ ಷಿಕಾಗೋ ನಗರದಲ್ಲಿ ಖಾಸಗಿ ಪತ್ತೇದಾರಿ ಸಂಸ್ಥೆಯನ್ನು ನಡೆಸುತ್ತಿದ್ದ ಅಲನ್ ಪಿಂಕರ್ಟನನನ್ನು ಈ ಕಾರ್ಯಕ್ಕೆ ನಿಯಮಿಸಿದರು. ೧೮೭೪ರ ಮಾರ್ಚಿಯಲ್ಲಿ ಅವನ ಪತ್ತೇದಾರನಾದ ಜೋಸೆಫ್ ವಿಚರನು ಕೂಲಿಯಾಳಿನ ವೇಷದಲ್ಲಿ ಜೇಮ್ಸ್ ಮನೆಯತ್ತ ಹೋಗಿ ಹೆಣವಾಗಿ ಸಿಕ್ಕಿದನು. ಅದೇ ತಿಂಗಳು ಲೂಯಿಸ್ ಲಲ್ ಎಂಬ ಇನ್ನೊಬ್ಬನು, ಗುಂಪಿನ ಯಂಗರ್ ಸಹೋದರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಗಾಯಗೊಂಡು ಸತ್ತನು. ಅಂದಿನಿಂದ ಪಿಂಕರ್ಟನನ ಕೆಲಸವು ಕೂಲಿಯ ಕೆಲಸವಾಗಿ ಉಳಿಯಲಿಲ್ಲ, ಸ್ವಂತದ ಹಗೆಯಾಯಿತು. ೧೮೭೫ರ ಜನವರಿ ೨೫ರ ರಾತ್ರಿ ಅವನ ಆಳುಗಳು ಜೇಮ್ಸ್ ಮನೆಯನ್ನು ಸುತ್ತುಗಟ್ಟಿ ಕಿಟಕಿಯಿಂದ ಉರಿಯುವ ಗುಂಡೊಂದನ್ನು ಒಳಗೆಸೆದರು. ಮನೆಯವರು ಅದನ್ನು ಒಲೆಯೊಳಕ್ಕೆ ತಳ್ಳಲು ಅದು ಸಿಡಿಯಿತು. ಜೆರೆಲ್ಡಾಳ ಬಲಗೈ ಛಿದ್ರವಾಗಿ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಅವಳ ಎಂಟು ವರ್ಷದ ಮಗ ಆರ್ಚೀ ಸತ್ತನು. ಹುಡುಕಿ ಬಂದ ಫ್ರ್ಯಾಂಕನಾಗಲಿ ಜೆಸ್ಸಿಯಾಗಲಿ ಅವರ ಕೈಗೆ ಸಿಕ್ಕಲಿಲ್ಲ.

ರಾತ್ರಿಯಲ್ಲಿ ಮಲಗಿದ ಮನೆಗೆ ಬೆಂಕಿಯನ್ನೆಸೆದು ಮಗುವನ್ನು ಕೊಂದ ಕೃತ್ಯವನ್ನು ಯಾವ ದೇಶದ ಜನರೂ ನ್ಯಾಯವೆಂದು ಒಪ್ಪಲಾರರು. ಕ್ಲೇ ಜಿಲ್ಲೆಯ ಪಂಚರು ಪಿಂಕರ್ಟನನ ಮೇಲೆಯೇ ಕೊಲೆಯ ಆರೋಪವನ್ನು ಹೊರಿಸಿದರು. ವಿಚಾರಣೆಯು ಮಾತ್ರ ನಡೆಯಲಿಲ್ಲ. ಆ ವರ್ಷವೇ ಜೇಮ್ಸ್ ಮತ್ತು ಯಂಗರ್ ಸಹೋದರರಿಗೆ ಕ್ಷಮಾದಾನ ಮಾಡಬೇಕೆಂಬ ಸೂಚನೆಯು ಮಿಸೂರಿಯ ಶಾಸನಸಭೆಗೆ ಬಂದು, ಬೇಕಾದ ಮತಗಳು ಸ್ವಲ್ಪದರಲ್ಲಿ ಸಾಲದೆ ಬಿದ್ದುಹೋಯಿತು. ಇತ್ತ ಏಪ್ರಿಲಿನಲ್ಲಿ, ಪತ್ತೇದಾರರಿಗೆ ನೆರವಾದನೆಂಬ ಶಂಕೆಗೆ ಗುರಿಯಾಗಿದ್ದ ನೆರೆಯ ಬೇಸಾಯಗಾರ ಡೇನಿಯಲ್ ಆಸ್ಕ್ಯೂ ತನ್ನ ಮನೆಯ ಬಳಿಯಲ್ಲಿಯೇ ಗುಂಡೇಟಿಗೆ ಬಲಿಯಾದನು. ಹೀಗೆ ಬೇಟೆಗಾರರ ಸೇಡಿಗೆ ಬೇಟೆಯವರ ಸೇಡು ಉತ್ತರವಾಯಿತು. ಸಂಸ್ಥಾನದ ನ್ಯಾಯಸ್ಥಾನವು ಎರಡನ್ನೂ ನೋಡುತ್ತ ಕುಳಿತಿತ್ತು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಒಂದು ಸಂಗತಿಯು ಮಿನೆಸೋಟ ಸಂಸ್ಥಾನದ ನಾರ್ತ್‌ಫೀಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ ನಡೆಯಿತು. ೧೮೭೬ರ ಸೆಪ್ಟೆಂಬರ್ ೭ರಂದು ಜೇಮ್ಸ್ ಸಹೋದರರೂ ಯಂಗರ್ ಸಹೋದರರೂ ಸೇರಿ ಎಂಟು ಮಂದಿ ಅಲ್ಲಿನ ಬ್ಯಾಂಕನ್ನು ದೋಚಲು ಬಂದರು. ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಲೀ ಹೇವುಡನು ತಿಜೋರಿಯನ್ನು ತೆರೆಯಲಾರೆನೆಂದು ಹಟ ಹಿಡಿದನು. ಅವರು ಅವನನ್ನು ಹೊಡೆದರು, ಕತ್ತಿನ ಮೇಲೆ ಚೂರಿಯಿಟ್ಟರು. ಕಡೆಗೆ ಗುಂಡಿಕ್ಕಿ ಕೊಂದರು. ಅಷ್ಟರಲ್ಲಿ ಬೀದಿಯಲ್ಲಿ ಊರವರು ಎದ್ದಿದ್ದರು. ಅಂಗಡಿಯವರು ತಮ್ಮ ಅಂಗಡಿಯ ಬಂದೂಕುಗಳನ್ನೇ ಹಂಚಿದರು; ಗುಂಡಿಲ್ಲದವರು ಕಲ್ಲುಗಳನ್ನು ಎಸೆದರು. ದರೋಡೆಗಾರರಲ್ಲಿ ಇಬ್ಬರು ಬೀದಿಯಲ್ಲಿಯೇ ಬಿದ್ದರು. ಸ್ವೀಡನ್ನಿನಿಂದ ಬಂದು ನೆಲೆಸಿದ್ದ ನಿಕೊಲಸ್ ಗುಸ್ತಾಫ್‌ಸನನೆಂಬ ನಿರಪರಾಧಿಯೂ ಗುಂಡೇಟಿನಿಂದ ಸತ್ತನು. ಆ ಹೊತ್ತಿನಲ್ಲಿ ಹೋರಾಡಿದವರ ಕಣ್ಣಿನ ಮುಂದೆ ಯಾವ ಭಿತ್ತಿಪತ್ರವೂ ಇರಲಿಲ್ಲ. ತಮ್ಮ ಊರು, ತಮ್ಮ ನೆರೆಯವರು ಎಂಬ ಭಾವನೆಯೊಂದೇ ಇತ್ತು. ಎರಡು ವಾರಗಳ ತರುವಾಯ ಯಂಗರ್ ಸಹೋದರರು ಮೂವರೂ ಗಾಯಗೊಂಡು ಜೌಗು ನೆಲದಲ್ಲಿ ಸಿಕ್ಕಿದರು. ಅವರನ್ನು ಕೊಲ್ಲಲಿಲ್ಲ; ಗಾಯಗಳಿಗೆ ಔಷಧ ಹಾಕಿ ನ್ಯಾಯಸ್ಥಾನಕ್ಕೆ ಒಯ್ದರು. ತಪ್ಪನ್ನು ಒಪ್ಪಿಕೊಂಡ ಅವರಿಗೆ ಆಜೀವ ಸೆರೆಯಾಯಿತು. ಒಬ್ಬನು ಸೆರೆಯಲ್ಲಿಯೇ ಸತ್ತನು. ಉಳಿದಿಬ್ಬರು ೧೯೦೧ರಲ್ಲಿ ಹೊರಗೆ ಬಂದರು. ಅವರ ಪರವಾಗಿ ಯಾರೂ ಯಾರನ್ನೂ ಕೊಲ್ಲಲಿಲ್ಲ.

ಜೇಮ್ಸ್ ಸಹೋದರರಿಬ್ಬರು ತಪ್ಪಿಸಿಕೊಂಡು, ಕೆಲವು ವರ್ಷ ಹೆಸರು ಮರೆಸಿ ಟೆನೆಸಿ ಸಂಸ್ಥಾನದಲ್ಲಿದ್ದರು. ಜೆಸ್ಸಿಯು ೧೮೭೯ರಲ್ಲಿ ಹೊಸ ಗುಂಪನ್ನು ಕಟ್ಟಿಕೊಂಡು ಮಿಸೂರಿಗೆ ಮರಳಿದನು. ೧೮೮೧ರ ಜುಲೈ ೧೫ರಂದು ವಿನ್ಸ್ಟನ್ ಎಂಬಲ್ಲಿ ರೈಲನ್ನು ದೋಚುವಾಗ ಕಂಡಕ್ಟರನಾದ ವಿಲಿಯಂ ವೆಸ್ಟ್‌ಫಾಲನನ್ನೂ ಫ್ರ್ಯಾಂಕ್ ಮ್ಯಾಕ್ಮಿಲನ್ ಎಂಬ ಇನ್ನೊಬ್ಬನನ್ನೂ ಕೊಂದರು. ಆ ವರ್ಷದ ಆದಿಯಲ್ಲಿ ಅಧಿಕಾರಕ್ಕೆ ಬಂದಿದ್ದ ಗವರ್ನರ್ ಥಾಮಸ್ ಕ್ರಿಟೆಂಡನನು ಇದನ್ನು ಸಹಿಸಲಾರದೆ ಹೋದನು. ಮಿಸೂರಿಗೆ ದರೋಡೆಗಾರರ ಸಂಸ್ಥಾನವೆಂಬ ಕೆಟ್ಟ ಹೆಸರು ಬಂದಿತ್ತು. ಸಾಕ್ಷಿಗಳು ಬಾಯಿ ಬಿಡಲು ಹೆದರುತ್ತಿದ್ದರು. ಶಾಸನವೋ ಗವರ್ನರನು ಬೊಕ್ಕಸದಿಂದ ಕೊಡಬಹುದಾದ ಬಹುಮಾನವನ್ನು ೩೦೦ ಡಾಲರುಗಳಿಗೆ ಮಿತಗೊಳಿಸಿತ್ತು. ಆಗ ಅವನು ರೈಲು ಕಂಪನಿಗಳ ಮುಖ್ಯಸ್ಥರನ್ನು ಕೂಡಿಸಿ, ಹಣವನ್ನು ಅವರಿಂದ ಪಡೆದು, ಜುಲೈ ೨೮ರಂದು ಘೋಷಣೆಯನ್ನು ಹೊರಡಿಸಿದನು. ಜೆಸ್ಸಿ ಮತ್ತು ಫ್ರ್ಯಾಂಕ್ ಇವರಲ್ಲಿ ಒಬ್ಬೊಬ್ಬನನ್ನು ಹಿಡಿದೊಪ್ಪಿಸಿದರೆ ೫,೦೦೦ ಡಾಲರು. ನ್ಯಾಯಸ್ಥಾನದಲ್ಲಿ ಅಪರಾಧವು ಸಿದ್ಧವಾದರೆ ಮತ್ತೆ ೫,೦೦೦ ಡಾಲರು.

ವಾಚಕರು ಈ ಘೋಷಣೆಯ ಮಾತುಗಳನ್ನು ಗಮನಿಸಬೇಕು. ಚಲಚ್ಚಿತ್ರಗಳ ಭಿತ್ತಿಪತ್ರಗಳಲ್ಲಿ ಕಾಣುವ ‘ಬದುಕಿರಲಿ ಸತ್ತಿರಲಿ’ ಎಂಬ ಒಕ್ಕಣೆಯು ಇದರಲ್ಲಿಲ್ಲ. ಷರೀಫನಿಗೆ ಒಪ್ಪಿಸಬೇಕು, ಅಪರಾಧವು ಸಿದ್ಧವಾಗಬೇಕು ಎಂಬ ಎರಡು ಮೆಟ್ಟಿಲುಗಳೂ ನ್ಯಾಯಸ್ಥಾನಕ್ಕೇ ಹತ್ತುವಂತಹವು. ಅಕ್ಷರದಲ್ಲಿ ಘೋಷಣೆಯು ನಿರ್ದೋಷವಾದುದು. ಆದರೆ ಖಾಸಗಿ ಕಂಪನಿಗಳ ಹಣವು ಸರಕಾರದ ಮುದ್ರೆಯನ್ನು ಹೊತ್ತು ಬೀದಿಗೆ ಬಂದ ಮೇಲೆ ಅಕ್ಷರವು ಅದನ್ನು ಕಟ್ಟಿಹಾಕಲಾರದೆ ಹೋಯಿತು.

ಬಹುಮಾನದ ಮೊದಲ ಫಲವು ಗುಂಪಿನ ಒಳಗೆ ಕಾಣಿಸಿತು. ಗೆಳೆಯನು ಗೆಳೆಯನ ಕೈಯನ್ನು ನೋಡತೊಡಗಿದನು. ೧೮೮೧ರ ಡಿಸೆಂಬರಿನಲ್ಲಿ ಜೆಸ್ಸಿಯ ಸೋದರಸಂಬಂಧಿಯಾದ ವುಡ್ ಹೈಟನು ಡಿಕ್ ಲಿಡಿಲ್ ಎಂಬ ಜೊತೆಗಾರನೊಡನೆ ಜಗಳವಾಡಿದಾಗ, ಲಿಡಿಲನೂ ಬಾಬ್ ಫೋರ್ಡನೆಂಬ ಯುವಕನೂ ಸೇರಿ ಅವನನ್ನು ಕೊಂದುಹಾಕಿದರು. ಜೆಸ್ಸಿಗೆ ಇದು ತಿಳಿದರೆ ತಮ್ಮ ಗತಿಯೇನೆಂಬ ಭಯದಿಂದ ಲಿಡಿಲನು ಮರುತಿಂಗಳೇ ಶರಣಾದನು. ಫೋರ್ಡನು ಗವರ್ನರನನ್ನು ಗುಟ್ಟಾಗಿ ಕಂಡನು. ಬಹುಮಾನದ ಆಸೆ ಒಂದು ಕಡೆ, ಜೆಸ್ಸಿಯ ಸೇಡಿನ ಭಯ ಇನ್ನೊಂದು ಕಡೆ, ಕ್ಷಮೆಯ ಆಶ್ವಾಸನೆ ಮತ್ತೊಂದು ಕಡೆ. ಇಪ್ಪತ್ತು ವರ್ಷದ ಆ ಯುವಕನನ್ನು ಈ ಮೂರೂ ಒಂದೇ ದಿಕ್ಕಿಗೆ ತಳ್ಳಿದುವು.

ಜೆಸ್ಸಿಯು ಆಗ ಸೇಂಟ್ ಜೋಸೆಫ್ ನಗರದಲ್ಲಿ ಥಾಮಸ್ ಹೊವರ್ಡ್ ಎಂಬ ಹೆಸರಿನಿಂದ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಬಾಡಿಗೆಯ ಮನೆಯಲ್ಲಿದ್ದನು. ಹಳೆಯ ಜೊತೆಗಾರರೆಲ್ಲ ಸತ್ತೋ ಸೆರೆಯಾಗಿಯೋ ಹೋಗಿದ್ದುದರಿಂದ ಬಾಬ್ ಫೋರ್ಡನನ್ನೂ ಅವನ ಅಣ್ಣ ಚಾರ್ಲಿಯನ್ನೂ ಮನೆಯಲ್ಲಿಟ್ಟುಕೊಂಡು ಅನ್ನವಿಕ್ಕುತ್ತಿದ್ದನು. ೧೮೮೨ರ ಏಪ್ರಿಲ್ ೩ರ ಬೆಳಗ್ಗೆ ಉಪಾಹಾರವಾಯಿತು. ಅಂದು ಸೆಕೆಯಿತ್ತು. ಜೆಸ್ಸಿಯು ಮೇಲಂಗಿಯನ್ನು ತೆಗೆದನು. ಹಾದಿಯಲ್ಲಿ ಹೋಗುವವರು ಕಂಡು ಶಂಕಿಸಿಯಾರೆಂದು ಪಿಸ್ತೂಲುಗಳ ಪಟ್ಟಿಯನ್ನೂ ಬಿಚ್ಚಿಟ್ಟನು. ಗೋಡೆಯ ಮೇಲಿನ ಚಿತ್ರಪಟವೊಂದರ ಧೂಳನ್ನೊರಸಲು ಕುರ್ಚಿಯ ಮೇಲೆ ಹತ್ತಿ ಬೆನ್ನು ತಿರುಗಿಸಿ ನಿಂತನು. ಬಾಬ್ ಫೋರ್ಡನು ಹಿಂದಿನಿಂದ ತಲೆಗೆ ಗುರಿಯಿಟ್ಟು ಹೊಡೆದನು. ಹೆಂಡತಿಯು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಸತ್ತವನ ವಯಸ್ಸು ಮೂವತ್ತನಾಲ್ಕು. ಫೋರ್ಡ್ ಸಹೋದರರು ನೇರವಾಗಿ ತಂತಿ ಕಚೇರಿಗೆ ಹೋಗಿ ಗವರ್ನರನಿಗೆ ಸುದ್ದಿಯನ್ನು ಕಳುಹಿದರು.

ಮುಂದೆ ನಡೆದುದು ನ್ಯಾಯದ ಚರಿತ್ರೆಯಲ್ಲಿಯೇ ವಿಚಿತ್ರವಾದುದು. ಏಪ್ರಿಲ್ ೧೭ರಂದು ಇಬ್ಬರೂ ನ್ಯಾಯಸ್ಥಾನದಲ್ಲಿ ಕೊಲೆಯನ್ನು ಒಪ್ಪಿಕೊಂಡರು. ಅಂದೇ ಗಲ್ಲಿನ ಶಿಕ್ಷೆಯಾಯಿತು. ಅಂದೇ ಕ್ರಿಟೆಂಡನನು ಪೂರ್ಣ ಕ್ಷಮಾದಾನವನ್ನು ಕಳುಹಿದನು. ಹಿಡಿದೊಪ್ಪಿಸಿದರೆ ಬಹುಮಾನವೆಂದು ಬರೆದ ಕೈಯೇ ಕೊಂದುದಕ್ಕೆ ಕ್ಷಮೆಯನ್ನೂ ಬರೆಯಿತು. ಘೋಷಣೆಯಲ್ಲಿ ಇಲ್ಲದಿದ್ದ ‘ಸತ್ತಿರಲಿ’ ಎಂಬ ಮಾತನ್ನು ಆ ಕ್ಷಮಾಪತ್ರವು ಸೇರಿಸಿದಂತಾಯಿತು. ಸಾರಿದ್ದ ಹಣದಲ್ಲಿ ಫೋರ್ಡರ ಕೈಗೆ ಬಂದುದು ಒಂದು ಸಣ್ಣ ಅಂಶ ಮಾತ್ರ. ಕಾರ್ಯದಲ್ಲಿ ಪಾಲುಗೊಂಡ ಅಧಿಕಾರಿಗಳಿಗೂ ಹಂಚಿಕೆಯಾಯಿತು.

ಕೊಲೆಗಾರನನ್ನು ಕೊಂದವನನ್ನು ಜನರು ಕೊಂಡಾಡಲಿಲ್ಲ. ಉಂಡ ಮನೆಯ ಯಜಮಾನನನ್ನು ಬೆನ್ನಹಿಂದಿನಿಂದ ಕೊಂದ ಹೇಡಿ ಎಂಬ ಲಾವಣಿ ಹುಟ್ಟಿ ಊರೂರಿಗೆ ಹಬ್ಬಿತು. ಫೋರ್ಡ್ ಸಹೋದರರು ಆ ಕೊಲೆಯನ್ನೇ ನಾಟಕವಾಗಿ ಆಡಿ ತೋರಿಸುತ್ತ ಹೊಟ್ಟೆ ಹೊರೆದರು. ಪ್ರೇಕ್ಷಕರು ಹಣವನ್ನೂ ಕೊಟ್ಟರು, ಛೀಮಾರಿಯನ್ನೂ ಹಾಕಿದರು. ಚಾರ್ಲಿಯು ೧೮೮೪ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಬಾಬನು ಊರಿಂದೂರಿಗೆ ಅಲೆದು, ಕೊಲರಾಡೊ ಸಂಸ್ಥಾನದ ಕ್ರೀಡ್ ಎಂಬ ಗಣಿಯೂರಿನಲ್ಲಿ ಡೇರೆಯೊಂದರಲ್ಲಿ ಸಾರಾಯಿ ಅಂಗಡಿಯನ್ನಿಟ್ಟುಕೊಂಡಿದ್ದಾಗ, ೧೮೯೨ರ ಜೂನ್ ೮ರಂದು ಎಡ್ವರ್ಡ್ ಓ’ಕೆಲ್ಲಿ ಎಂಬವನು ಕೋವಿಯಿಂದ ಅವನ ಕೊರಳಿಗೆ ಹೊಡೆದು ಕೊಂದನು. ಜೆಸ್ಸಿಯ ಸೇಡನ್ನು ತೀರಿಸಿದವನೆಂದು ಓ’ಕೆಲ್ಲಿಯನ್ನು ಹೊಗಳಿದವರು ಹಲವರು. ಅವನ ಆಜೀವ ಸೆರೆಯು ಕಡಿಮೆಯಾಗಿ ೧೯೦೨ರಲ್ಲಿ ಬಿಡುಗಡೆಯಾಯಿತು. ೧೯೦೪ರಲ್ಲಿ ಒಕ್ಲಹೋಮ ನಗರದಲ್ಲಿ ಪೊಲೀಸನೊಬ್ಬನ ಗುಂಡಿಗೆ ಅವನೂ ಬಲಿಯಾದನು.

ಮಹಾಭಾರತವನ್ನು ಬಲ್ಲವರಿಗೆ ಈ ಸರಪಣಿಯು ಹೊಸದಾಗಿ ಕಾಣುವುದಿಲ್ಲ. ತಂದೆಯ ಹಗೆಯನ್ನು ತೀರಿಸಲೆಂದೇ ಹುಟ್ಟಿದ ಧೃಷ್ಟದ್ಯುಮ್ನನು, ಶಸ್ತ್ರವನ್ನು ಕೆಳಗಿಟ್ಟು ಕುಳಿತ ದ್ರೋಣನ ತಲೆಯನ್ನು ಕತ್ತರಿಸಿದನು. ಗೆದ್ದ ಪಕ್ಷದ ಅರ್ಜುನನೇ ಆ ಕೃತ್ಯಕ್ಕೆ ಮರುಗಿದನು. ಅದರ ಸೇಡಾಗಿ ಅಶ್ವತ್ಥಾಮನು ರಾತ್ರಿಯಲ್ಲಿ ಪಾಳೆಯಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನೂ, ಮಲಗಿದ್ದ ದ್ರೌಪದಿಯ ಮಕ್ಕಳನ್ನೂ ಕೊಂದನು. ಜೆಸ್ಸಿಯನ್ನು ದ್ರೋಣನಿಗೆ ಹೋಲಿಸುವುದು ಅಪಚಾರವಾದೀತು. ಹೋಲಿಕೆಯಿರುವುದು ಕೃತ್ಯದ ಬಗೆಯಲ್ಲಿ. ಶಸ್ತ್ರವನ್ನಿಳಿಸಿದವನನ್ನು ಕೊಂದಾಗ, ಸತ್ತವನು ಎಂತಹವನೇ ಆಗಿರಲಿ, ಲೋಕದ ಕರುಣೆಯು ಅವನ ಕಡೆಗೆ ಸರಿಯುತ್ತದೆ. ಅವನ ಕೈಯಿಂದ ಸತ್ತವರು ಮರೆಯಾಗುತ್ತಾರೆ.

ಅಣ್ಣನಾದ ಫ್ರ್ಯಾಂಕನ ಕಥೆಯು ಬೇರೆ ದಾರಿಯನ್ನು ಹಿಡಿಯಿತು. ೧೮೮೨ರ ಅಕ್ಟೋಬರಿನಲ್ಲಿ ಅವನು ರಾಜಧಾನಿಯಾದ ಜೆಫರ್ಸನ್ ಸಿಟಿಗೆ ಬಂದು ತನ್ನ ಪಿಸ್ತೂಲನ್ನು ಗವರ್ನರನ ಕೈಗೇ ಒಪ್ಪಿಸಿ ಶರಣಾದನು. ಮರುವರ್ಷ ಗ್ಯಾಲಟಿನ್ನಿನಲ್ಲಿ ಮ್ಯಾಕ್ಮಿಲನನ ಕೊಲೆಗಾಗಿ ಅವನ ವಿಚಾರಣೆಯಾಯಿತು. ಸರಕಾರದ ಮುಖ್ಯ ಸಾಕ್ಷಿಯು ಲಿಡಿಲ್. ತಾನೇ ದರೋಡೆಗಾರನಾಗಿದ್ದು ತನ್ನನ್ನು ಉಳಿಸಿಕೊಳ್ಳಲು ಜೊತೆಗಾರರನ್ನು ಒಪ್ಪಿಸಿದವನ ಮಾತಿಗೆ ಬೆಲೆಯೇನೆಂದು ಪ್ರತಿವಾದಿಯ ವಕೀಲರು ಕೇಳಿದರು. ಪಂಚರು ಫ್ರ್ಯಾಂಕನನ್ನು ನಿರಪರಾಧಿಯೆಂದು ಬಿಟ್ಟರು. ೧೮೮೪ರಲ್ಲಿ ಅಲಬಾಮ ಸಂಸ್ಥಾನದಲ್ಲಿ ಇನ್ನೊಂದು ಮೊಕದ್ದಮೆಯಿಂದಲೂ ಬಿಡುಗಡೆಯಾಯಿತು. ಅಲ್ಲಿಂದಾಚೆಗೆ ಅವನು ಸಾಮಾನ್ಯ ಉದ್ಯೋಗಗಳಲ್ಲಿ ಕಾಲ ಕಳೆದು ೧೯೧೫ರಲ್ಲಿ ಕುಟುಂಬದ ಮನೆಯಲ್ಲಿಯೇ ತೀರಿಕೊಂಡನು.

ಬಹುಮಾನದ ಪಕ್ಷವಾಗಿ ಹೇಳಬಹುದಾದುದನ್ನು ಇಲ್ಲಿ ಮರೆಮಾಚಬಾರದು. ಫ್ರ್ಯಾಂಕನು ಬಿಡುಗಡೆಯಾದುದನ್ನು ನೋಡಿದರೆ, ಜೆಸ್ಸಿಯನ್ನು ಜೀವಂತ ಹಿಡಿದಿದ್ದರೂ ಶಿಕ್ಷೆಯಾಗುತ್ತಿತ್ತೇ ಎಂಬ ಶಂಕೆ ಸಹಜವಾದುದು. ಹದಿನೈದು ವರ್ಷಗಳಿಂದ ಯಾವ ಷರೀಫನಿಗೂ ಸಾಧ್ಯವಾಗದ ಕಾರ್ಯವು ಘೋಷಣೆಯಾದ ಒಂಬತ್ತು ತಿಂಗಳಲ್ಲಿ ನಡೆಯಿತು, ಗುಂಪು ಚೆದರಿತು, ರೈಲುಗಳು ನಿರ್ಭಯವಾಗಿ ಓಡಿದುವು. ಕ್ರಿಟೆಂಡನನು ಸ್ವಂತಕ್ಕಾಗಿ ಏನನ್ನೂ ಮಾಡಿದವನಲ್ಲ. ಪ್ರಜೆಗಳ ಪ್ರಾಣರಕ್ಷಣೆಯೇ ಅವನ ಉದ್ದೇಶವಾಗಿತ್ತು. ಅಪರಾಧಿಯ ಸುಳಿವನ್ನು ಕೊಟ್ಟವರಿಗೆ, ಹಿಡಿಯಲು ನೆರವಾದವರಿಗೆ ಪಾರಿತೋಷಕವನ್ನು ಕೊಡುವುದು ಯಾವ ನೀತಿಗೂ ವಿರುದ್ಧವಲ್ಲ.

ಆದರೂ ಲೆಕ್ಕದ ಇನ್ನೊಂದು ಪುಟವನ್ನು ತಿರುಗಿಸಿ ನೋಡಬೇಕು. ಮಿಸೂರಿಯು ಆ ಹಣದಿಂದ ಕೊಂಡುಕೊಂಡುದು ಜೆಸ್ಸಿಯ ಮರಣವನ್ನು; ಅದಕ್ಕಾಗಿ ತೆತ್ತುದು ಜೆಸ್ಸಿಯ ವಿಚಾರ���ೆಯನ್ನು. ತುಂಬಿದ ನ್ಯಾಯಸ್ಥಾನದಲ್ಲಿ ಒಬ್ಬೊಬ್ಬ ಸಾಕ್ಷಿಯೂ ಎದ್ದು ನಿಂತು, ಷೀಟ್ಸನು ಹೇಗೆ ಸತ್ತನು, ವೆಸ್ಟ್‌ಫಾಲನು ಹೇಗೆ ಸತ್ತನು ಎಂದು ಹೇಳುವ ದಿನವು ಬರಲೇ ಇಲ್ಲ. ಆ ಮನೆಗಳ ವಿಧವೆಯರಿಗೂ ಮಕ್ಕಳಿಗೂ ಸಲ್ಲಬೇಕಾದ ಸಾಲವು ಬರಿಯ ಒಂದು ಹೆಣವಾಗಿರಲಿಲ್ಲ. ಇಂತಹವನು ಇಂತಹ ತಪ್ಪನ್ನು ಮಾಡಿದನೆಂಬ ಬಹಿರಂಗವಾದ ತೀರ್ಪಾಗಿತ್ತು. ಆ ತೀರ್ಪು ಇಲ್ಲದೆ ಹೋದುದರಿಂದ ಅದರ ಸ್ಥಾನದಲ್ಲಿ ಲಾವಣಿಯು ಬಂದು ಕುಳಿತಿತು. ಲಾವಣಿಯಲ್ಲಿ ಕೊಂದವನು ಹೇಡಿ, ಸತ್ತವನು ವೀರ. ಸರಕಾರವೇ ಕಳ್ಳನಂತೆ ಹಿಂಬಾಗಿಲಿನಿಂದ ಬಂದ ಮೇಲೆ, ಕಳ್ಳನು ಮುಂಬಾಗಿಲಿನಿಂದ ಪುರಾಣವನ್ನು ಪ್ರವೇಶಿಸಿದುದು ಆಶ್ಚರ್ಯವಲ್ಲ.

ಸೇಂಟ್ ಜೋಸೆಫಿನ ಆ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಗೋಡೆಯಲ್ಲಿರುವ ಗುಂಡಿನ ತೂತನ್ನು ನೋಡಲು ಜನರು ಹಣ ತೆತ್ತು ಹೋಗುತ್ತಾರೆ. ಸತ್ತವನು ಜೆಸ್ಸಿಯೇ ಅಲ್ಲವೆಂಬ ಕಟ್ಟುಕಥೆಗಳು ಎಷ್ಟು ಬೆಳೆದುವೆಂದರೆ, ೧೯೯೫ರಲ್ಲಿ ಸಮಾಧಿಯನ್ನು ಅಗೆದು ಎಲುಬುಗಳನ್ನು ವಿಜ್ಞಾನಿಗಳು ಪರೀಕ್ಷಿಸಬೇಕಾಯಿತು. ಅವು ಅವನವೇ ಎಂಬುದಕ್ಕೆ ಪರೀಕ್ಷೆಯು ಅನುಕೂಲವಾಗಿ ಬಂದಿತು. ನಾರ್ತ್‌ಫೀಲ್ಡಿನಲ್ಲಿಯಾದರೋ ಪದ್ಧತಿಯು ಬೇರೆ. ಅಲ್ಲಿ ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಊರವರು ಕೂಡಿ, ದರೋಡೆಗಾರರು ಸೋತ ದಿನವನ್ನು ಆಚರಿಸುತ್ತಾರೆ. ತಿಜೋರಿಯನ್ನು ತೆರೆಯಲಾರೆನೆಂದ ಲೆಕ್ಕಿಗನಾದ ಹೇವುಡನನ್ನು ಸ್ಮರಿಸುತ್ತಾರೆ. ತನ್ನ ಹೊಣೆಯನ್ನು ತಾನೇ ಹೊತ್ತ ಊರಿಗೆ ತನ್ನ ಸತ್ಪುರುಷನ ಹೆಸರು ನೆನಪಿನಲ್ಲಿದೆ. ಹೊಣೆಯನ್ನು ಹಣಕ್ಕೆ ಒಪ್ಪಿಸಿದ ಸಂಸ್ಥಾನದಲ್ಲಿ ವೆಸ್ಟ್‌ಫಾಲನೆಂಬ ರೈಲಿನ ಕಂಡಕ್ಟರನನ್ನು ಬಲ್ಲವರು ವಿರಳ. ಅವನನ್ನು ಕೊಂದ ಗುಂಪಿನ ನಾಯಕನ ಹೆಸರನ್ನು ಮಕ್ಕಳೂ ಬಲ್ಲರು.